ಮನೆಗಾಡಿಯ ಹಿಂದೊಂದು ಹಸು

ಆ ದಿನವೂ ಹಂಡೆಯ ಒಲೆಗೆ ಒಣಗಿದ ತೆಂಗಿನ ಗರಿ ತುರುಕುವುದರಿಂದಲೇ ನನ್ನ ಬೆಳಗು ಶುರುವಾಯಿತು. ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಬಿಟ್ಟು, ಆಫೀಸಿಗೆ ಹೋಗುವ ನಮ್ಮ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಪಕ್ಕದ ಮನೆಗೆ ಹೋದೆ. ಪಕ್ಕದ ಮನೆಯೆಂದರೆ ಯಜಮಾನರ ಅಣ್ಣ, ನನ್ನ ಬಾವನವರದು. ನಡುವೆ ಇದ್ದದ್ದು ಒಂದು ಕರಿಬೇವಿನ ಗಿಡ, ಒಂದು ಒಗೆಯುವ ಕಲ್ಲು, ಅಷ್ಟೆ. ಅಲ್ಲಿ ನಡುಮನೆಯ ಮಂಚದಲ್ಲಿ ಅಕ್ಕ ಇರುತ್ತಿದ್ದರು. ಬಾವನ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುತ್ತಿದ್ದುದು. ಅವರನ್ನು ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ಮುಖ ತೊಳೆಸಿ, ತಲೆ ಬಾಚಿ, ಕಾಫಿ ಕುಡಿಸುವುದು ದಿನವೂ ನನ್ನ ಕೆಲಸ.

ಹಿಂದಿನ ವರ್ಷ ಅಟ್ಟದಿಂದ ರಾಗಿ ಇಳಿಸುವಾಗ ಏಣಿ ಜಾರಿ ಅಕ್ಕ ಬಿದ್ದಿದ್ದರು. ಮೈಸೂರಿನಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಜೀವಕ್ಕೆ ತೊಂದರೆಯಿಲ್ಲ, ಆದರೆ ಕೂರುವ ಹಾಗಿಲ್ಲ, ನೆಟ್ಟಗೆ ಮಲಗಿಯೇ ಇರಬೇಕು ಎಂದರು ಡಾಕ್ಟರು. ಅಂದಿನಿಂದ ಅವರ ಪಾಲಿಗೆ ಲೋಕವೆಂದರೆ ಆ ನಡುಮನೆ, ಅಲ್ಲಿನ ಒಂದು ಕಿಟಕಿ, ಕಿಟಕಿಯಾಚೆ ಕಾಣುವ ಕೊಟ್ಟಿಗೆಯ ಮೂಲೆ.

ಅವತ್ತು ನಾನು ಹೋಗುವಷ್ಟರಲ್ಲಿ ಅವರು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದರು.

"ಅಸ್ರು ಸೀರೆ ಉಡ್ಸೇ ಇವತ್ತು. ಅಂಚು ದೊಡ್ಡದಿರೋದು. ಮಲಗಿರೋಳ್ಗೆ ಯಾಕೆ ಅಂತ ಅನ್ಬ್ಯಾಡ."

"ನಾನೆಲ್ಲಿ ಅಂದೆ ಅಕ್ಕ?"

"ಅನ್ನೋ ಮುಖ ಮಾಡ್ದೆ."

ಅವತ್ತು ದೇವಲಾಪುರದ ಅವರ ತವರುಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಅಕ್ಕನ ತಮ್ಮನಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗು. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಮ್ಮ ಅಕ್ಕ. ಮಧ್ಯಾಹ್ನ ರಾಹುಕಾಲ ಶುರುವಾಗುವುದರೊಳಗೆ ಶಾಸ್ತ್ರ ಮುಗಿಯಬೇಕು. ಅಕ್ಕ ಬರಲಾಗದಿದ್ದರೆ ದಾಯಾದಿಗಳ ಪೈಕಿ ಯಾರೋ ಒಬ್ಬರು ಹೇಳುತ್ತಾರೆ ಎಂದು ತಮ್ಮ ಬಹಳ ನಯವಾಗಿಯೇ ಹೇಳಿಕಳಿಸಿದ್ದ. ಆ ನಯವೇ ಅಕ್ಕನಿಗೆ ಚುಚ್ಚಿತ್ತು.

ಬಾವ ಮಿಲಿಟರಿಯಲ್ಲಿ ಡ್ರೈವರಾಗಿದ್ದು ರಿಟೈರಾಗಿ ಬಂದವರು. ಮಾತು ಕಡಿಮೆ, ಕೈ ಸುಮ್ಮನಿರುವುದಿಲ್ಲ. ಎಲ್ಲೋ ಬಿಸಿಲಿಗೆ ಬಿದ್ದಿದ್ದ ಒಂದು ಹಳೆಯ ವ್ಯಾನನ್ನು ಎಳೆಸಿಕೊಂಡು ಬಂದು ಹಿತ್ತಲಲ್ಲಿ ನಿಲ್ಲಿಸಿದಾಗ ನಾವೆಲ್ಲ ಕೋಳಿಗೂಡು ಮಾಡುತ್ತಾರೇನೋ ಅಂದುಕೊಂಡೆವು. ಅವರು ಅದರೊಳಗೆ ಒಂದು ಮನೆ ಮಾಡಿದರು. ಒಂದು ಕಡೆ ಅಕ್ಕನಿಗೆ ಉದ್ದದ ಹಾಸಿಗೆ. ಹಲಗೆಯ ನಾಲ್ಕು ಮೂಲೆಗೂ ಹಿಡಿ, ಹಾಗೇ ಎತ್ತಿ ಇಳಿಸಬಹುದು. ಇನ್ನೊಂದು ಕಡೆ ಸೀಮೆಎಣ್ಣೆ ಸ್ಟೋವಿಗೆ ಗೂಡು, ನೀರಿನ ಡ್ರಮ್ಮು, ಪರದೆಯ ಹಿಂದೆ ಜೊತೆಗೆ ಹೋಗುವವರಿಗೆ ಕಕ್ಕಸಿನ ಕುರ್ಚಿ. ಹಾಸಿಗೆಯ ತಲೆಯ ಮಟ್ಟಕ್ಕೆ ಕಿಟಕಿ, ಅಕ್ಕನಿಗೆ ರಸ್ತೆ ಕಾಣಲಿ ಅಂತ. ಉತ್ತರದಲ್ಲಿದ್ದಾಗ ಆಫೀಸರುಗಳ ಇಂಥ ಗಾಡಿ ಓಡಿಸಿದ್ದರಂತೆ. ಊರವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು.

ಗಾಡಿಯನ್ನು ನೋಡಿ ಅಕ್ಕ ಒಂದೇ ಮಾತು ಹೇಳಿದರು. "ನಾನು ಬರೋದಾದ್ರೆ ಅಸಾನೂ ಬರ್ಬೇಕು."

ಅವರ ಅಸ ಎಂದರೆ ಕೆ.ಆರ್. ಪೇಟೆ ಕಡೆಯಿಂದ ಕರುವಾಗಿದ್ದಾಗ ತಂದು ಅಕ್ಕ ತಾವೇ ಸಾಕಿದ ಹಸು. ಈಗ ಅದಕ್ಕೂ ಎಳೆಗರು. ಮಗುವಿನ ಹಾಲಿಗೆ ಹಸು ಕೊಡುತ್ತೇನೆಂದು ತಮ್ಮನಿಗೆ ಅವರು ಬೀಳುವುದಕ್ಕೂ ಮುಂಚೆಯೇ ಮಾತು ಕೊಟ್ಟಿದ್ದರು.

"ಅಸಾನ ಆಮೇಲೆ ಟೆಂಪೋಲಿ ಕಳ್ಸಿದ್ರಾಯ್ತು ಬುಡು," ಅಂದರು ಬಾವ.

"ಬರೀ ಕೈಲಿ ಹಾಸ್ಗೆ ಮ್ಯಾಲೆ ಮಲೀಕಂಡ್ ಹೋದ್ರೆ ಸೋದರತ್ತೆ ಬಂದ್ಲು ಅನ್ನಕಿಲ್ಲ ಕಣ್ರೀ. ಅಯ್ಯೋ ಪಾಪ ಬಂದ್ಲು ಅಂತಾರೆ. ಕೊಡೋಳಾಗಿ ಹೋಗ್ಬೇಕು ನಾನು. ಇಲ್ದಿದ್ರೆ ಬ್ಯಾಡ."

ಹೀಗೆ ನಮ್ಮ ಮನೆಯೊಳಗೆ ಇಂಜಿನ್ನಿನ ವಿಚಾರ ಬಂತು. ಅಕ್ಕನನ್ನೂ ಹಾಸಿಗೆಯನ್ನೂ ಡ್ರಮ್ಮನ್ನೂ ಹೊತ್ತ ಗಾಡಿ, ಹಿಂದೆ ಹಸು ನಿಂತ ಟ್ರೈಲರನ್ನೂ ಎಳೆಯಬೇಕು. ಜಕ್ಕನಹಳ್ಳಿ ದಾಟಿದ ಮೇಲಿನ ಏರು ಹತ್ತಬೇಕು. ವ್ಯಾನಿನ ಇಂಜಿನ್ ಸಾಕೇ, ದೊಡ್ಡದು ಹಾಕಿಸಬೇಕೇ? ಪಾಂಡವಪುರದ ಮೆಕ್ಯಾನಿಕ್ಕು ಮೂರು ಇಂಜಿನ್ ತೋರಿಸಿದ್ದ. ಒಂದು ವ್ಯಾನಿನದೇ, ಎರಡು ಲೀಟರಿಗೂ ಕಡಿಮೆ. ಇನ್ನೊಂದು ಹಳೆಯ ಜೀಪಿನದು, ಎರಡರ ಮೇಲೆ ಸ್ವಲ್ಪ. ಮೂರನೆಯದು ಚಿಕ್ಕ ಲಾರಿಯದು, ಪೂರಾ ಮೂರು ಲೀಟರು. ಅವುಗಳ ಇಂಗ್ಲಿಷ್ ಪುಸ್ತಕಗಳನ್ನು ಬಾವ ನನ್ನ ಮುಂದೆ ತಂದಿಟ್ಟರು.

"ಓದವ್ವ. ಕಾನ್ವೆಂಟಲ್ಲಿ ಓದಿರೋದು ಇಂತಾ ಟೇಮಿಗಲ್ದೆ ಇನ್ಯಾವಾಗ?"

ಮೈಸೂರಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಒಬ್ಬರು ಒಂದೊಂದು ಪದವನ್ನೂ ಬೆರಳಿಟ್ಟು ಓದಿಸುತ್ತಿದ್ದರು. ಮದುವೆಯಾದ ಮೇಲೆ ಆ ಇಂಗ್ಲಿಷು ಪೆಟ್ಟಿಗೆಯ ತಳದಲ್ಲಿರುವ ರೇಷ್ಮೆ ಲಂಗದ ಹಾಗೆ ಮಡಿಸಿಟ್ಟೇ ಇತ್ತು. ಅಕ್ಕನ ಮಂಚದ ಪಕ್ಕ ಕೂತು, ಬೆರಳಿಟ್ಟು, ಸಿಸಿ ಎಂದರೇನು, ಹಾರ್ಸ್ ಪವರ್ ಎಂದರೇನು ಎಂದು ಓದಿ ಹೇಳುವಾಗ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಸಾವಿರ ಸಿಸಿ ಅಂದರೆ ಒಂದು ಲೀಟರು ಎಂದು ಗೊತ್ತಾದ ಕೂಡಲೇ ಅಕ್ಕ ನಕ್ಕರು.

"ಎಲ್ಡು ಲೀಟ್ರಾ? ನಮ್ಮಸ ಒಂದೊತ್ತಿಗೆ ಅದರ ಎಲ್ಡರಷ್ಟು ಕರೀತದೆ. ಅದುನ್ನ ಇದು ಎಳೀತದಂತಾ?"

ಬಾವನಿಗೂ ನಗು ಬಂತು. ಬಿದ್ದ ಮೇಲೆ ಅಕ್ಕ ತಮಾಷೆ ಮಾಡಿದ್ದು ಅದೇ ಮೊದಲೇನೋ.

ಟಾರ್ಕ್ ಎಂಬ ಪದಕ್ಕೆ ನಾನು ತಡವರಿಸಿದೆ. ತಿರುಚುವ ಬಲ ಅಂದೆ. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹೊಳೆದದ್ದು, ನಾವಿಬ್ಬರೂ ಜಮಖಾನ ಒಗೆದು ಆಚೆ ತುದಿ ಈಚೆ ತುದಿ ಹಿಡಿದು ಹಿಂಡುತ್ತಿದ್ದೆವಲ್ಲ, ಅದು. "ಬೇಗಬೇಗ ಕೆಲಸ ಮುಗಿಸೋದು ಹಾರ್ಸ್ ಪವರ್ರು ಅಕ್ಕ, ಗಟ್ಟಿಯಾಗಿ ಹಿಂಡೋದು ಟಾರ್ಕು," ಅಂದೆ. ಅದು ಎಷ್ಟು ಸರಿಯೋ ಇವತ್ತಿಗೂ ನನಗೆ ತಿಳಿಯದು. ಬಾವ ಮಾತ್ರ ತಲೆಯಾಡಿಸಿ, "ಏರಿಗೆ ಹಿಂಡೋದೇ ಬೇಕು," ಅಂದರು. ಲಾರಿಯ ಇಂಜಿನ್ ಹಿಂಡುವುದೇನೋ ಹೆಚ್ಚು, ಆದರೆ ಅದರ ತೂಕವನ್ನು ವ್ಯಾನಿನ ಮೈ ತಡೆಯುವುದಿಲ್ಲ ಎಂದ ಮೆಕ್ಯಾನಿಕ್ಕು. ಬಾವ ಅರೆಮನಸ್ಸಿನಿಂದ ಜೀಪಿನದನ್ನು ಹಾಕಿಸಿದರು. ಟ್ರೈಲರನ್ನು ಶ್ರೀರಂಗಪಟ್ಟಣದಲ್ಲಿ, ನನ್ನ ತವರಿನ ಬೀದಿಯಲ್ಲಿದ್ದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಎರಡೇ ಚಕ್ರ, ಸುತ್ತ ಕಂಬಿ, ಹಿಂದೆ ಇಳಿಬಿಡುವ ಬಾಗಿಲು.

ಅವತ್ತು ಹಸುವಿಗೆ ಅರಿಶಿನ ಕುಂಕುಮ ಇಟ್ಟು ಟ್ರೈಲರಿಗೆ ಹತ್ತಿಸುವಾಗ ನಮ್ಮ ಅತ್ತೆ ಅಡ್ಡ ನಿಂತರು. "ಕರೆಯೋ ಅಸ ಲಕ್ಷ್ಮಿ ಕಣ್ಲಾ. ಮನೇಗೆ ಬೆನ್ ಹಾಕಂಡ್ ಹೋಗ್ಬಾರ್ದು. ಈ ಕಡೀಕೆ ಮುಖ ಮಾಡಿ ಕಟ್ಟು." ಬಾವ ಹಸುವನ್ನು ಹಿಂದುಮುಂದಾಗಿ ಹತ್ತಿಸಿ, ಬಾಗಿಲ ಕಡೆಯ ಕಂಬಿಗೆ ಕುತ್ತಿಗೆ ಕಟ್ಟಿದರು. ಅದರ ಮುಖ ಮನೆಯ ಕಡೆ, ಬಾಲ ವ್ಯಾನಿನ ಕಡೆ. ಹುಲ್ಲಿನ ಕಟ್ಟು, ಹಿಂಡಿಯ ಮೂಟೆ ಅದರ ಬಾಯಿಯ ಹತ್ತಿರ, ಅಂದರೆ ಅದೂ ತೀರಾ ಹಿಂದಕ್ಕೆ. ಟ್ರೈಲರಿನಲ್ಲಿ ಜಾಗವಿಲ್ಲವೆಂದು ಕರುವನ್ನು ವ್ಯಾನಿನೊಳಗೆ ನನ್ನ ಕಾಲ ಬಳಿ ನಿಲ್ಲಿಸಿದರು. ಅತ್ತೆ ಮುಂದಿನ ಸೀಟಿನಲ್ಲಿ ತಾಂಬೂಲದ ಚೀಲ ಹಿಡಿದು ಕೂತರು. ಅಕ್ಕ ಹಸಿರು ಸೀರೆಯುಟ್ಟು, ತಲೆತುಂಬ ಕನಕಾಂಬರ ಮುಡಿದು, ಕಿಟಕಿಯ ಕಡೆ ಮುಖ ಮಾಡಿ ಮಲಗಿದರು.

ಕಬ್ಬಿನ ಗದ್ದೆಗಳು ಇರುವವರೆಗೆ ರಸ್ತೆ ಸಮ. ಅಕ್ಕ ಒಂದೊಂದನ್ನೂ ಗುರುತಿಸಿ ಹೇಳುತ್ತಿದ್ದರು. ಇಲ್ಲೊಂದು ಹೋಟೆಲಿತ್ತು, ಈ ಮರ ಕಡಿದುಬಿಟ್ಟಿದ್ದಾರೆ, ನಾಲೆಗೆ ನೀರು ಬಿಟ್ಟಿದ್ದಾರೆ. ಹಿಂದಿನ ಗಾಜಿನಲ್ಲಿ ನನಗೆ ಕಾಣುತ್ತಿದ್ದುದು ಹಸುವಿನ ಹಿಂಭಾಗ. ಕರು ಅಂಬಾ ಎಂದಾಗಲೆಲ್ಲ ಹಸು ತಿರುಗಲು ನೋಡುತ್ತಿತ್ತು. ತಿರುಗಲಾಗದೆ ಕಾಲು ಬಡಿಯುತ್ತಿತ್ತು. ಆಗೆಲ್ಲ ಟ್ರೈಲರು ನಾಯಿಯ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತಿತ್ತು. ಬಾವ ನಿಧಾನಿಸಿದರು.

ಜಕ್ಕನಹಳ್ಳಿ ದಾಟಿ, ಮೇಲುಕೋಟೆಯ ಬೆಟ್ಟ ಎಡಕ್ಕೆ ಕಾಣುವಲ್ಲಿ ಏರು ಶುರುವಾಯಿತು. ರಿಪೇರಿಗೆಂದು ರಸ್ತೆಗೆ ಜಲ್ಲಿ ಸುರಿದಿದ್ದರು. ಅರ್ಧ ಏರಿಗೆ ಗಾಡಿ ನಿಂತಿತು. ಇಂಜಿನ್ ಹೋ ಎಂದು ಕೂಗಿತು, ಹಿಂದಿನ ಚಕ್ರ ಗಿರಗಿರ ತಿರುಗಿ ಜಲ್ಲಿ ಸಿಡಿಸಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಬಾವ ಹಿಂದೆ ಬಿಟ್ಟು ಮತ್ತೆ ನುಗ್ಗಿಸಿದರು. ಮತ್ತೆ ಅಲ್ಲೇ. ಸುಟ್ಟ ವಾಸನೆ ಬಂತು. ಅವರು ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಹೇಳಿದರು.

"ಮೂರು ಲೀಟ್ರಿಂದೇ ಹಾಕಿಸ್ಬೇಕಾಗಿತ್ತು."

ಎದುರಿನಿಂದ ಕಬ್ಬು ತುಂಬಿದ ಟ್ರಾಕ್ಟರೊಂದು ಬಂದು ನಿಂತಿತು. ತಲೆಗೆ ಟವೆಲ್ ಸುತ್ತಿದ್ದ ಡ್ರೈವರು ಇಳಿದು ನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ.

"ಏನಣ್ಣೋ ಇದು, ಮನೇನೇ ಕಿತ್ಕಂಡು ಹೊಂಟಿದ್ದೀರಲ್ಲ. ಎಷ್ಟು ಎಚ್‌ಪಿ?"

"ಐವತ್ತರ ಹತ್ರ ಅದೆ," ಅಂದರು ಬಾವ.

"ನಂದು ಮೂವತ್ತೈದೇಯ. ಲೋಡು ನೋಡಿ. ಐವತ್ ಕುದ್ರೆ ಸೇರ್ಕಂಡು ಒಂದಸಾನ ಎಳೀನಿಲ್ಲ ಅಂದ್ರೆ ಆ ಕುದ್ರೆಗಳ್ಗೆ ಮೊದ್ಲು ಉಲ್ ಹಾಕ್ರಣ್ಣ."

ಬಾವನ ಕಿವಿ ಕೆಂಪಾಯಿತು. ಆದರೆ ಅವನು ನಿಂತು ಸಹಾಯ ಮಾಡುವವನು. ಫ್ಯಾಕ್ಟರಿ ಇರುವುದು ನಾವು ಬಂದ ದಿಕ್ಕಿಗೆ. ನಮ್ಮನ್ನು ಎಳೆಯಲು ಅವನು ಕಬ್ಬಿನ ಲೋಡನ್ನು ಕಳಚಿ ರಸ್ತೆಯಲ್ಲಿ ಬಿಡಬೇಕು, ಅದಾಗದು. "ಭಾರ ಕಮ್ಮಿ ಮಾಡ್ರಿ. ಅಕ್ಕಾವ್ರನ್ನ ಒಂದ್ಗಳಿಗೆ ಇಳ್ಸಿ, ಗಾಡಿ ಮ್ಯಾಲೆ ಹತ್ತಿದ್ ಮ್ಯಾಕೆ ಮತ್ತೆ ಮಲಗಿಸ್ಕಳಿ," ಅಂದ.

ಇಬ್ಬರೂ ಸೇರಿ ಅಕ್ಕನನ್ನು ಹಲಗೆಯ ಸಮೇತ ಇಳಿಸಿ ರಸ್ತೆಯಂಚಿನ ಹುಲ್ಲಿನ ಮೇಲೆ ಇಟ್ಟರು. ಹತ್ತಿರದಲ್ಲಿ ಒಂದು ಮರವೂ ಇರಲಿಲ್ಲ. ನಾನು ಸೆರಗಿನಿಂದ ಮುಖಕ್ಕೆ ನೆರಳು ಮಾಡಹೋದರೆ ಅಕ್ಕ ಕೈಯಿಂದ ಸರಿಸಿದರು. "ಬುಡೇ. ಆಕಾಸ ಕಾಣ್ಲಿ."

ಬಾವ ಮತ್ತೆ ಗಾಡಿ ಬಿಟ್ಟರು. ಚಕ್ರ ಮೊದಲಿಗಿಂತ ಜೋರಾಗಿ ಜಾರಿತು. ಮೊದಲು ಮುಟ್ಟಿದ್ದಷ್ಟು ದೂರವನ್ನೂ ಮುಟ್ಟಲಿಲ್ಲ.

ಹೊತ್ತು ಏರುತ್ತಿತ್ತು. ಬಾವ ಬೆವರೊರೆಸಿಕೊಂಡು ಅಕ್ಕನ ಬಳಿ ಬಂದು ಕುಕ್ಕರುಗಾಲಿನಲ್ಲಿ ಕೂತರು. "ನೋಡು, ಅಸಾನ ಇಲ್ಲೇ ಬಿಚ್ಚಿ ಕಟ್ಟಿ, ನಿನ್ನ ಕರ್ಕಂಡೋಗಿ ಬುಟ್ಬುಟ್ಟು ಆಮೇಲೆ ಬತ್ತೀನಿ. ಇಂಜಿನ್ನು ಸಾಲ್ದು. ನಂದೇ ಲೆಕ್ಕ ತಪ್ತು."

ಅಕ್ಕನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿದದ್ದನ್ನು ನಾನು ನೋಡಿದೆ. ಮಲಗಿರುವವರ ಕಣ್ಣೀರು ಕೆನ್ನೆಗೆ ಬರುವುದಿಲ್ಲ.

ನನಗೆ ಆ ಚಕ್ರದ್ದೇ ಯೋಚನೆ. "ಬಾವ, ಇಂಜಿನ್ನಿಗೆ ಶಕ್ತಿ ಇಲ್ಲದಿದ್ದರೆ ಚಕ್ರ ತಿರುಗುವುದೇ ಇಲ್ಲ ಅಲ್ಲವಾ? ಅದು ತಿರುಗುತ್ತಿದೆ, ನೆಲಾನೇ ಹಿಡೀತಿಲ್ಲ. ಅಕ್ಕನ್ನ ಇಳಿಸಿದ ಮೇಲೆ ಸುಲಭ ಆಗಬೇಕಿತ್ತು, ಇನ್ನೂ ಹೆಚ್ಚು ಜಾರಿತು," ಅಂದೆ. ಅಷ್ಟು ಮಾತು ನಾನು ಬಾವನೆದುರು ಒಟ್ಟಿಗೆ ಆಡಿದ್ದು ಅಪರೂಪ.

ಅಕ್ಕ ತಲೆ ಹೊರಳಿಸಿದರು. ನೆಲದ ಮಟ್ಟದಲ್ಲಿ ಮಲಗಿದ್ದ ಅವರಿಗೆ ನಮಗಾರಿಗೂ ಕಾಣದ ಜಾಗ, ವ್ಯಾನಿಗೂ ಟ್ರೈಲರಿಗೂ ನಡುವಿನ ಕೊಕ್ಕೆ, ನೇರ ಕಣ್ಣಿಗೆ ಬೀಳುತ್ತಿತ್ತು. ಅದನ್ನೇ ನೋಡಿದರು.

"ಅಯ್ಯೋ ನಿಮ್ಮ, ಗಾಡಿ ಹಿಂಬಾರ ಆಗದೆ ಕಣ್ರೀ. ಮೂಕಿ ನೋಡಿ, ವ್ಯಾನಿನ್ ಹಿಂದ್ಗಡೆನ ಮ್ಯಾಕೆತ್ತದೆ."

ಎತ್ತಿನಗಾಡಿ ಹೂಡಿದ ಯಾರಿಗಾದರೂ ಅದು ತಿಳಿದ ವಿಷಯ. ಹಿಂದಕ್ಕೆ ಭಾರ ಹೆಚ್ಚಾದರೆ ನೊಗ ಕಟ್ಟುವ ಮುಂದಿನ ಮರ, ಅಂದರೆ ಮೂಕಿ, ಮೇಲೇಳುತ್ತದೆ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಹಸುವಿನ ತಲೆ, ಕುತ್ತಿಗೆ, ಎದೆಯ ಭಾರವೆಲ್ಲ ಹಿಂದೆ. ಹುಲ್ಲು, ಹಿಂಡಿಯೂ ಹಿಂದೆ. ಟ್ರೈಲರಿನ ಮೂತಿ ವ್ಯಾನಿನ ಹಿಂಭಾಗವನ್ನು ಎತ್ತಿ ಹಿಡಿದಿತ್ತು. ಚಕ್ರಕ್ಕೆ ನೆಲ ಸಿಗುವುದಾದರೂ ಹೇಗೆ? ಸಿಸಿ, ಎಚ್‌ಪಿ, ಟಾರ್ಕ್ ಎಂದು ವಾರಗಟ್ಟಲೆ ಮಾತಾಡಿದ ನಾವು, ಗಾಡಿ ಹೂಡುವ ಮನೆಯವರೇ, ಎತ್ತಿಲ್ಲದ ಗಾಡಿಗೂ ಹಿಂಬಾರ ಮುಂಬಾರ ಉಂಟೆಂಬುದನ್ನು ಮರೆತಿದ್ದೆವು.

ಟ್ರಾಕ್ಟರಿನವನು ಹಣೆ ಚಚ್ಚಿಕೊಂಡ. "ಥೂ, ನನ್ಗೂ ಕಾಣ್ನಿಲ್ವಲ್ಲ. ಅಸಾನ ತಿರುಗ್ಸಣ್ಣ, ಮುಂದ್ಕೆ ಮುಖ ಮಾಡು."

ಬಾವ ಅತ್ತೆಯ ಕಡೆ ನೋಡಿದರು. ಅತ್ತೆ ತಾಂಬೂಲದ ಚೀಲ ಹಿಡಿದು ಬಿಗಿಯಾಗಿ ನಿಂತಿದ್ದರು. ಅವರ ಮಾತನ್ನು ಮೀರಿ ಆ ಮನೆಯಲ್ಲಿ ಯಾರೂ ಏನೂ ಮಾಡಿದ್ದಿಲ್ಲ.

ಅಕ್ಕ ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದರು. "ಅತ್ತೆ, ನಮ್ ಮನೇಗೆ ಬೆನ್ ಹಾಕ್ದೆ ಬಂದಾಯ್ತಲ್ಲ. ಈಗ ತಲ್ಪೋ ಮನೆ ಕಡೀಕೆ ಮುಖ ಮಾಡ್ಲಿ. ಅಲ್ಗೂ ಲಕ್ಷ್ಮಿ ಹಿಂದುಮುಂದಾಗಿ ಹೋಗ್ಬಾರ್ದು."

ಅತ್ತೆ ಬೆಟ್ಟದ ಗೋಪುರದ ಕಡೆ ನೋಡಿದರು. "ಅದೂ ಸರಿಯೇ. ಸೋದರತ್ತೆ ನೀನು, ಕೊಡೋಳೂ ನೀನು. ನಿಂಗೆ ಎಂಗ್ ಬೇಕೋ ಅಂಗೆ ತಿರುಗ್ಸು." ಆಮೇಲೆ ತಾವೇ ಹೋಗಿ ಹಸುವಿನ ಹಗ್ಗ ಬಿಚ್ಚಿದರು.

ಹಸುವನ್ನು ಇಳಿಸಿ, ತಿರುಗಿಸಿ, ಮುಂದಿನ ಕಂಬಿಗೆ ಕಟ್ಟಿದರು. ಹುಲ್ಲು, ಹಿಂಡಿ ಮುಂದಕ್ಕೆ ಬಂತು. ಟ್ರೈಲರಿನ ಮೂತಿ ಕೆಳಗಿಳಿದು ವ್ಯಾನಿನ ಬೆನ್ನು ನೆಲಕ್ಕೆ ಕೂತಿತು. ನಾನು ಹಿಂದಿನ ಗಾಜನ್ನು ಸರಿಸಿದೆ. ಹಸುವಿಗೆ ಕರುವಿನ ಮೂತಿ ಕಂಡಿತು. ಅಷ್ಟೇ, ಅದರ ಕಾಲು ಬಡಿಯುವುದು ನಿಂತುಹೋಯಿತು. ಬೆಳಗಿನಿಂದ ಅದು ತನ್ನ ಕೂಸಿನ ಕೂಗನ್ನು ಬೆನ್ನ ಹಿಂದೆಯೇ ಕೇಳುತ್ತಾ ಬಂದಿತ್ತು.

"ಅಕ್ಕಾವ್ರನ್ನ ಮ್ಯಾಲೆ ಹತ್ತಿದ್ ಮ್ಯಾಕೆ ಮಲಗಿಸ್ಕಳದಾ?" ಅಂದ ಟ್ರಾಕ್ಟರಿನವನು.

"ಯಾಕಪ್ಪ? ನಾನಿಲ್ದಿದ್ದಾಗ್ಲೇ ಜಾಸ್ತಿ ಜಾರಿದ್ದು. ನನ್ ಭಾರ ಬಿದ್ರೇನೆ ಈ ಗಾಡಿ ನಡ್ಯೋದು. ಈಗ್ಲೇ ಮಲಗ್ಸಿ," ಅಂದರು ಅಕ್ಕ.

ಬಾವ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಹಲಗೆಯ ಹಿಡಿಗೆ ಬಗ್ಗಿದವರು ತಲೆಯೆತ್ತಲು ಬಹಳ ಹೊತ್ತು ತೆಗೆದುಕೊಂಡರು. ಎರಡು ಲೀಟರಿನ ಆ ಇಂಜಿನ್ನು ಅಕ್ಕನನ್ನೂ ಅತ್ತೆಯನ್ನೂ ಕರುವನ್ನೂ ಹಸುವನ್ನೂ ಒಟ್ಟಿಗೆ ಏರು ಹತ್ತಿಸಿತು. ಹಿಂದಿರುಗಿ ನೋಡಿದರೆ ಟ್ರಾಕ್ಟರಿನವನು ಟವೆಲ್ ಬೀಸುತ್ತಿದ್ದ. ಅವನ ಹೆಸರನ್ನು ನಾವು ಕೇಳಲೇ ಇಲ್ಲ. ಕಬ್ಬಿನ ಟ್ರಾಕ್ಟರು ಎದುರಾದರೆ ಈಗಲೂ ಅದರ ಡ್ರೈವರಿನ ಮುಖವನ್ನೊಮ್ಮೆ ನೋಡುತ್ತೇನೆ.

ದೇವಲಾಪುರ ಮುಟ್ಟಿದಾಗ ತೊಟ್ಟಿಲಿಗೆ ಹೂ ಕಟ್ಟಿ ಮುಗಿದಿತ್ತು. ದಾಯಾದಿ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ನಿಂತೂ ಆಗಿತ್ತು. ಬಾಗಿಲಲ್ಲಿ ಮನೆಗಾಡಿ, ಅದರ ಹಿಂದೆ ಅರಿಶಿನದ ಮುಖದ ಹಸು ಕಂಡದ್ದೇ ಜನವೆಲ್ಲ ಹೊರಗೆ ಬಂದರು. ಅಯ್ಯೋ ಪಾಪ ಎಂದವರು ಯಾರೂ ಇಲ್ಲ. "ಎಷ್ಟು ಕರೀತದೆ?" ಅಂದರು, "ಎಷ್ಟ್ನೇ ಸೂಲು?" ಅಂದರು, "ಗಾಡಿ ಮೈಲೇಜ್ ಎಷ್ಟು?" ಅಂದರು. ಅಕ್ಕ ಮಲಗಿಕೊಂಡೇ ಎಲ್ಲರಿಗೂ ಉತ್ತರ ಕೊಟ್ಟರು. ತಮ್ಮ ಮಾತ್ರ ಏನೂ ಕೇಳದೆ ಅಕ್ಕನ ಕಾಲು ಹಿಡಿದುಕೊಂಡು ನಿಂತಿದ್ದ.

ಹಲಗೆಯನ್ನು ತೊಟ್ಟಿಲ ಪಕ್ಕಕ್ಕೆ ಇಳಿಸಿದರು. ಅಕ್ಕ ಬಗ್ಗುವಂತಿರಲಿಲ್ಲ, ಅದಕ್ಕೆ ಬಾಣಂತಿಯೇ ಮಗುವನ್ನು ತಂದು ಅವರ ಎದೆಯ ಮೇಲೆ ಮಲಗಿಸಿದಳು. ಅಕ್ಕ ಮಗುವಿನ ಕಿವಿಗೆ ಅಂಗೈ ಮರೆಮಾಡಿ ಹೆಸರು ಹೇಳಿದರು. ಅಷ್ಟು ಹತ್ತಿರ ನಿಂತಿದ್ದ ನನಗೂ ಕೇಳಿಸಲಿಲ್ಲ. ಮಗು ಆಕಳಿಸಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೋಳಿಗೆಗೆ ತುಪ್ಪ ಸಾಲದೆಂದು ಯಾರನ್ನೋ ಗದರಿದರು.

ಹಸುವನ್ನೂ ಕರುವನ್ನೂ ಅಲ್ಲಿಯ ಕೊಟ್ಟಿಗೆಗೆ ಕಟ್ಟಿ, ಊಟ ಮಾಡಿ, ಖಾಲಿ ಟ್ರೈಲರು ಎಳೆದುಕೊಂಡು ಹೊರಟೆವು. ಅಕ್ಕ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ನಾನು ಅವರ ಕೈ ಹಿಡಿದುಕೊಂಡು, ಬೆರಳಿಟ್ಟು ಓದಿಸಿದ ಸಿಸ್ಟರನ್ನೂ, ಮೂವತ್ತೈದು ಎಚ್‌ಪಿಯವನನ್ನೂ, ಮುಂದೆ ಕೂತು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ ಬಾವನನ್ನೂ ನೆನೆದುಕೊಂಡೆ. ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಸಂಜೆ ಮನೆಯ ಮುಂದೆ ಗಾಡಿ ನಿಂತಿತು. ಬಾವನೂ ನಮ್ಮ ಯಜಮಾನರೂ ಹಲಗೆಯನ್ನು ಇಳಿಸುತ್ತಿದ್ದರು. ಎದುರುಮನೆಯ ಹೆಂಗಸು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ, ಕತ್ತು ಚಾಚಿ ಅಕ್ಕನ ಮುಖ ನೋಡಿದಳು.

"ಏನಕ್ಕ, ಒಂದ್ ದಿನ ಊರ್ ತಿರುಗ್ಕಂಡ್ ಬರೋವತ್ಗೆ ಬಿಸ್ಲಿಗೆ ಇಂಗೆ ಕರ್ರಗಾಗ್ಬುಟ್ಟಿದ್ದೀಯಲ್ಲ. ಒಂದು ಛತ್ರಿನಾದ್ರೂ ತಕಂಡೋಗಕಾಗ್ನಿಲ್ವಾ?"